ಎಷ್ಟು ಅಶ್ವಶಕ್ತಿ? ಎಲ್ಲಿ, ಯಾವಾಗ?



ಕಾಲೇಜಿನ ಆವರಣಕ್ಕೆ ಹೊಸ ಮೋಟಾರ್‌ಸೈಕಲ್ ಒಂದು ಬಂದು ನಿಂತರೆ ಅದರ ಸುತ್ತ ನಾಲ್ಕು ಜನ ಸೇರುತ್ತೀರಿ. 'ಎಷ್ಟು ಬಿ.ಎಚ್.ಪಿ.?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರವಾಗಿ ಬರುವ ಅಂಕಿ ದೊಡ್ಡದಾದಷ್ಟೂ ಗಾಡಿ ದೊಡ್ಡದು, ಓಡಿಸುವವನೂ ದೊಡ್ಡವನು ಎಂಬ ಭಾವನೆ. ಆ ಅಂಕಿ ಸುಳ್ಳಲ್ಲ. ಆದರೆ ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿಯದಿದ್ದರೆ, ಅದನ್ನು ನಂಬಿ ಮನೆಯವರ ಹಣ ಖರ್ಚಾಗುತ್ತದೆ. ಕೆಲವೊಮ್ಮೆ ಹಣಕ್ಕಿಂತ ಬೆಲೆಯುಳ್ಳದ್ದೂ ಹೋಗುತ್ತದೆ. ಆದ್ದರಿಂದ ಇಂದು ಆ ಒಂದು ಅಂಕಿಯನ್ನೇ ಬಿಡಿಸಿ ನೋಡೋಣ.

ಅಶ್ವಶಕ್ತಿ ಎಂಬ ಮಾನವನ್ನು ಬಳಕೆಗೆ ತಂದವರು ಜೇಮ್ಸ್ ವಾಟ್. ಹದಿನೆಂಟನೆಯ ಶತಮಾನದಲ್ಲಿ ತಮ್ಮ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡಬಲ್ಲದು ಎಂದು ಕೊಳ್ಳುವವರಿಗೆ ತಿಳಿಸಲು ಅವರಿಗೆ ಒಂದು ಅಳತೆ ಬೇಕಿತ್ತು. ಒಂದು ನಿಮಿಷದಲ್ಲಿ 33,000 ಪೌಂಡ್ ತೂಕವನ್ನು ಒಂದು ಅಡಿ ಎತ್ತುವಷ್ಟು ಕೆಲಸ ಮಾಡಿದರೆ ಅದು ಒಂದು ಅಶ್ವಶಕ್ತಿ ಎಂದು ಅವರು ನಿಗದಿ ಮಾಡಿದರು. ಇಂದಿನ ಲೆಕ್ಕದಲ್ಲಿ ಇದು 746 ವ್ಯಾಟ್. ಯುರೋಪ್ ಮತ್ತು ಜಪಾನಿನ ತಯಾರಕರು ಬಳಸುವ ಪಿ.ಎಸ್. ಎಂಬ ಮಾನ ಸ್ವಲ್ಪ ಚಿಕ್ಕದು, 735.5 ವ್ಯಾಟ್. ಹೀಗಾಗಿ ಒಂದೇ ಎಂಜಿನ್ನಿಗೆ ಒಂದು ಕಡೆ 190, ಇನ್ನೊಂದು ಕಡೆ 187 ಎಂಬ ಅಂಕಿಗಳನ್ನು ಕಂಡರೆ ಗಾಬರಿಯಾಗಬೇಡಿ. ಅಳತೆಗೋಲು ಬೇರೆ, ಅಷ್ಟೆ.

ಭೌತವಿಜ್ಞಾನದ ಪಾಠವನ್ನು ನೆನಪಿಸಿಕೊಳ್ಳಿ. ಹೆಸರಿನಲ್ಲಿ 'ಶಕ್ತಿ' ಎಂದಿದ್ದರೂ ಇದು ಸಾಮರ್ಥ್ಯದ ಅಳತೆ, ಅಂದರೆ ಕೆಲಸ ನಡೆಯುವ ದರ. ಎಂಜಿನ್ನಿನಲ್ಲಿ ಈ ದರ ಎರಡು ಸಂಗತಿಗಳ ಗುಣಲಬ್ಧ: ಕ್ರಾಂಕ್‌ಶಾಫ್ಟನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಮತ್ತು ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು. ನ್ಯೂಟನ್-ಮೀಟರ್‌ಗಳಲ್ಲಿರುವ ಟಾರ್ಕನ್ನು ಸುತ್ತುಗಳಿಂದ ಗುಣಿಸಿ 7,024ರಿಂದ ಭಾಗಿಸಿದರೆ ಪಿ.ಎಸ್. ಸಿಗುತ್ತದೆ. ಈ ಸರಳ ಸೂತ್ರ ನಿಮ್ಮ ಕೈಯಲ್ಲಿದ್ದರೆ ಯಾವ ಜಾಹೀರಾತನ್ನೂ ಪರೀಕ್ಷಿಸಬಹುದು.

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಜಪಾನಿನ ಸುಜುಕಿ ಕಂಪನಿ 1999ರಲ್ಲಿ ಹೊರತಂದ ಹಯಬುಸಾ ಗಂಟೆಗೆ 300 ಕಿಲೋಮೀಟರ್ ದಾಟಿ ಹೆಸರಾಯಿತು. ಅದರ 2008ರ ಮಾದರಿ 1,340 ಸಿ.ಸಿ.ಯದು, ಗರಿಷ್ಠ ಸಾಮರ್ಥ್ಯ 197 ಪಿ.ಎಸ್., ಗರಿಷ್ಠ ಟಾರ್ಕ್ 155 ನ್ಯೂಟನ್-ಮೀಟರ್. 2021ರಲ್ಲಿ ಬಂದ ಹೊಸ ಮಾದರಿಯೂ 1,340 ಸಿ.ಸಿ.ಯದೇ. ಆದರೆ ಸಾಮರ್ಥ್ಯ 190ಕ್ಕೆ, ಟಾರ್ಕ್ 150ಕ್ಕೆ ಇಳಿದಿತ್ತು. ಅಂಕಿ ಮಾತ್ರ ನೋಡಿದವರು 'ಹದಿಮೂರು ವರ್ಷ ಕಳೆದು ಗಾಡಿ ಸೊರಗಿತೇ?' ಎಂದುಕೊಂಡಾರು. ವಾಸ್ತವದಲ್ಲಿ ನಡೆದದ್ದು ಬೇರೆ. ಹೊಗೆಯ ಮಿತಿ ಕುರಿತ ಯುರೋಪಿನ ಹೊಸ ನಿಯಮಗಳಿಗೆ ಹೊಂದಿಸುವಾಗ, ಎಂಜಿನಿಯರುಗಳು ಗಾಳಿ ಒಳಬರುವ ಮಾರ್ಗವನ್ನೂ ಕವಾಟಗಳು ತೆರೆದು ಮುಚ್ಚುವ ಕ್ರಮವನ್ನೂ ಬದಲಿಸಿ, ಕಡಿಮೆ ಮತ್ತು ಮಧ್ಯಮ ಸುತ್ತುಗಳಲ್ಲಿ ಟಾರ್ಕ್ ಹೆಚ್ಚುವಂತೆ ಮಾಡಿದರು. ಶಿಖರ ತಗ್ಗಿತು, ತಪ್ಪಲು ಏರಿತು. ಸವಾರ ದಿನವೂ ಓಡಾಡುವುದು ತಪ್ಪಲಿನಲ್ಲೇ.

ಹೇಗೆಂದರೆ, 190 ಎಂಬುದು ಎಂಜಿನ್ ನಿಮಿಷಕ್ಕೆ 9,700 ಸುತ್ತು ತಿರುಗುವಾಗ ಮಾತ್ರ ದೊರೆಯುವ ಅಂಕಿ. ಊರೊಳಗೆ 4,000 ಸುತ್ತಿನಲ್ಲಿ ಹೋಗುತ್ತಿದ್ದೀರಿ ಎನ್ನಿ. ಆ ಎಂಜಿನ್ನಿನ ಟಾರ್ಕ್ 150ನ್ನು ಮೀರಲಾರದು. 150ನ್ನು 4,000ದಿಂದ ಗುಣಿಸಿ 7,024ರಿಂದ ಭಾಗಿಸಿ: ಸುಮಾರು 85. ಅಂದರೆ ಎಕ್ಸಿಲರೇಟರ್ ಪೂರ್ತಿ ತಿರುವಿದರೂ ಆ ಕ್ಷಣದಲ್ಲಿ ಅರ್ಧದಷ್ಟೂ ಸಿಗದು.

ನಿಮ್ಮ ಕಾಲೇಜಿನ ಮುಂದೆ ಕಾಣುವ ಗಾಡಿಗಳಿಗೂ ಇದೇ ಲೆಕ್ಕ. 2017ರ ಕೆ.ಟಿ.ಎಂ. 390 ಡ್ಯೂಕ್ 43 ಪಿ.ಎಸ್.ನದು, ಗರಿಷ್ಠ ಟಾರ್ಕ್ 37. 2021ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 20ರದು, ಟಾರ್ಕ್ 27. ಕಾಗದದ ಮೇಲೆ ಒಂದು ಇನ್ನೊಂದರ ಎರಡರಷ್ಟು. ಆದರೆ 4,000 ಸುತ್ತಿನಲ್ಲಿ ಕ್ಲಾಸಿಕ್ 15 ಕೊಡುತ್ತದೆ. ಡ್ಯೂಕ್ ಹೆಚ್ಚೆಂದರೆ 21 ಕೊಟ್ಟೀತು. ಉಳಿದದ್ದು ಬೇಕಿದ್ದರೆ ಗೇರ್ ಇಳಿಸಿ, ಎಂಜಿನ್ನನ್ನು 9,000 ಸುತ್ತಿನವರೆಗೂ ಏರಿಸಬೇಕು. ಒಂದು ಗಾಡಿ ಹೆಚ್ಚು, ಇನ್ನೊಂದು ಕಡಿಮೆ ಎಂದಲ್ಲ. ಎರಡರ ಸ್ವಭಾವ ಬೇರೆ, ಮತ್ತು ಆ ಸ್ವಭಾವವನ್ನು ಅಶ್ವಶಕ್ತಿಯೊಂದೇ ಹೇಳುವುದಿಲ್ಲ.

ಇನ್ನು, ಈ ಅಂಕಿಯನ್ನು ಅಳೆಯುವುದು ಎಲ್ಲಿ? ಸಾಮಾನ್ಯವಾಗಿ ಎಂಜಿನ್ನಿನ ಬಳಿಯೇ, ಗೊತ್ತುಪಡಿಸಿದ ಗಾಳಿಯ ಒತ್ತಡ ಮತ್ತು ಉಷ್ಣತೆಗೆ ಹೊಂದಿಸಿ. ಗೇರುಗಳನ್ನೂ ಚೈನನ್ನೂ ದಾಟಿ ಹಿಂದಿನ ಚಕ್ರ ತಲುಪುವಷ್ಟರಲ್ಲಿ ಒಂದಷ್ಟು ಪಾಲು ಘರ್ಷಣೆಗೆ ಹೋಗುತ್ತದೆ. ಗಾಳಿಯ ಪಾತ್ರವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇಕಡಾ 10ರಷ್ಟು ತೆಳು. ಎಂಜಿನ್ನಿಗೆ ಸಿಗುವ ಆಮ್ಲಜನಕ ಕಡಿಮೆಯಾದರೆ ಸಾಮರ್ಥ್ಯವೂ ಸರಿಸುಮಾರು ಅಷ್ಟೇ ಕಡಿಮೆ. ಮಂಗಳೂರಿನ 190, ಬೆಂಗಳೂರಿನಲ್ಲಿ 170ರ ಆಸುಪಾಸು.

ಸಾಮರ್ಥ್ಯ ಪೂರ್ತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅದನ್ನು ಬಳಸಲಾದೀತೇ? ಮೋಟಾರ್‌ಸೈಕಲ್ಲಿಗೆ ಒಂದು ಮಿತಿ ಇದೆ. ಹಿಂದಿನ ಚಕ್ರದ ತಳ್ಳುವ ಬಲ ಗಾಡಿ ಮತ್ತು ಸವಾರನ ಒಟ್ಟು ತೂಕದ ಸಮೀಪಕ್ಕೆ ಬಂದರೆ ಮುಂದಿನ ಚಕ್ರ ನೆಲ ಬಿಡುತ್ತದೆ, ಇಲ್ಲವೇ ಹಿಂದಿನದು ಜಾರುತ್ತದೆ. ಹಯಬುಸಾ ಸುಮಾರು 265 ಕಿಲೋಗ್ರಾಂ, ಸವಾರ 75, ಒಟ್ಟು 340. ಅದರ ತೂಕ ಸುಮಾರು 3,330 ನ್ಯೂಟನ್. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಲೆಕ್ಕ ಹಾಕಿದರೆ ಬರುವುದು ಸುಮಾರು 75 ಅಶ್ವಶಕ್ತಿ. ಅದಕ್ಕಿಂತ ಹೆಚ್ಚು ಇದ್ದರೂ ಆ ವೇಗದಲ್ಲಿ ರಸ್ತೆಗೆ ಇಳಿಸಲಾಗದು. ಒಂದೇ ಸಮನೆ 80 ಕಿಲೋಮೀಟರ್ ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹೋಗಲಂತೂ ಆರೇಳು ಅಶ್ವಶಕ್ತಿ ಸಾಕು. ಹಾಗಾದರೆ 190 ಬೇಕಾಗುವುದು ಎಲ್ಲಿ? ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ವೇಗ ಎರಡರಷ್ಟಾದರೆ ಅದು ಎಂಟರಷ್ಟು. ಆದ್ದರಿಂದ ದೊಡ್ಡ ಅಂಕಿ ಕೆಲಸಕ್ಕೆ ಬರುವುದು 200, 300 ಕಿಲೋಮೀಟರ್ ವೇಗದಲ್ಲಿ, ಅಂದರೆ ರೇಸಿನ ಟ್ರ್ಯಾಕಿನಲ್ಲಿ.

ರಸ್ತೆಯಲ್ಲಿ ನಮ್ಮನ್ನು ಉಳಿಸುವ ಅಂಕಿ ಬೇರೆಯೇ ಇದೆ. ಒಳ್ಳೆಯ ಒಣ ಡಾಂಬರು ರಸ್ತೆಯಲ್ಲಿ 60 ಕಿಲೋಮೀಟರ್ ವೇಗದಿಂದ ಬ್ರೇಕ್ ಹಿಡಿದು ನಿಲ್ಲಲು ಸುಮಾರು 18 ಮೀಟರ್ ಬೇಕು. 120ರಿಂದಾದರೆ 71 ಮೀಟರ್. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಕ್ರಮಿಸುವ ದೂರವನ್ನೂ ಸೇರಿಸಿದರೆ 35 ಮತ್ತು 104 ಮೀಟರ್. ರಸ್ತೆಗೆ ಅಡ್ಡಬಂದ ದನ, ತಿರುವಿನಲ್ಲಿ ಚೆಲ್ಲಿದ ಮರಳು, ಗುರುತು ಹಾಕದ ಹಂಪು, ಇವುಗಳ ಮುಂದೆ ಅಶ್ವಶಕ್ತಿಗೆ ಕೆಲಸವಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಟೈರು, ಬ್ರೇಕು ಮತ್ತು ಸವಾರನ ಅಭ್ಯಾಸ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ದ್ವಿಚಕ್ರ ವಾಹನಗಳಿಗೆ, ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕ್ ನಮ್ಮ ದೇಶದಲ್ಲಿ ಕಡ್ಡಾಯವಾದದ್ದು ಇದೇ ಕಾರಣಕ್ಕೆ.

ಕೊನೆಯದಾಗಿ ಒಂದು ವಿಚಾರ. ಯುರೋಪಿನಲ್ಲಿ 18 ತುಂಬಿದವರಿಗೆ ಸಾಮಾನ್ಯವಾಗಿ ಕೊಡುವ 'ಎ2' ದರ್ಜೆಯ ಲೈಸೆನ್ಸಿನಲ್ಲಿ 35 ಕಿಲೋವ್ಯಾಟ್, ಅಂದರೆ ಸುಮಾರು 48 ಪಿ.ಎಸ್. ಮೀರಿದ ಗಾಡಿ ಓಡಿಸುವಂತಿಲ್ಲ. ಪ್ರತಿ ಕಿಲೋಗ್ರಾಂ ತೂಕಕ್ಕೆ 0.2 ಕಿಲೋವ್ಯಾಟ್‌ಗಿಂತ ಹೆಚ್ಚಿರಬಾರದು ಎಂಬ ನಿಯಮವೂ ಇದೆ. ಅಭ್ಯಾಸವಾದಂತೆ ಮೇಲಿನ ದರ್ಜೆ. ನಮ್ಮಲ್ಲಿ ಅಂಥ ಮೆಟ್ಟಿಲುಗಳಿಲ್ಲ. ಹದಿನೆಂಟಕ್ಕೆ ಗೇರ್ ಗಾಡಿಯ ಲೈಸೆನ್ಸ್ ಸಿಕ್ಕರೆ 100 ಸಿ.ಸಿ.ಯದನ್ನೂ ಓಡಿಸಬಹುದು, ಹಯಬುಸಾವನ್ನೂ ಓಡಿಸಬಹುದು. ಕಾನೂನು ಕಟ್ಟದ ಮೆಟ್ಟಿಲನ್ನು ನಾವೇ ಕಟ್ಟಿಕೊಳ್ಳಬೇಕಾಗಿದೆ.

ಆದ್ದರಿಂದ ಮಿತ್ರರೇ, ಮುಂದಿನ ಬಾರಿ ಯಾರಾದರೂ ಅಶ್ವಶಕ್ತಿಯ ಅಂಕಿ ಹೇಳಿದರೆ ಇನ್ನೂ ಕೆಲವು ಪ್ರಶ್ನೆ ಕೇಳಿ. ಅದು ಎಷ್ಟು ಸುತ್ತಿನಲ್ಲಿ ಸಿಗುತ್ತದೆ? ಗರಿಷ್ಠ ಟಾರ್ಕ್ ಎಷ್ಟು, ಯಾವ ಸುತ್ತಿನಲ್ಲಿ? ಗಾಡಿಯ ತೂಕವೆಷ್ಟು? ಎ.ಬಿ.ಎಸ್. ಇದೆಯೇ? ಕಾಗದ, ಪೆನ್ಸಿಲ್ ತೆಗೆದುಕೊಂಡು ನೀವೇ ಲೆಕ್ಕ ಹಾಕಿ ನೋಡಿ. ತರಗತಿಯಲ್ಲಿ ಕಲಿತ ಬಲ, ವೇಗ, ಸಾಮರ್ಥ್ಯಗಳ ಪಾಠ ಪರೀಕ್ಷೆಯ ಆಚೆಗೂ ನಿಮ್ಮ ಜೊತೆಗಿರುತ್ತದೆ.