ಬಸುರಿ ಹೆಂಗಸಿನ ಸ್ಕ್ಯಾನಿಂಗು ಮತ್ತು ಒಳಸಂಬಂಧದ ಮದುವೆ
(ಮಸಗುಪ್ಪಿಯ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕಬ್ಬು, ಗೋವಿನಜೋಳದ ಮಾತಾಡಬೇಕಾದ ಗ್ರಾಮಸೇವಕನು ಬಸುರಿ ಹೆಂಗಸರ ವಿಷಯ ಎತ್ತಿದನೆಂದು ಕೆಲವರು ನಗಬಹುದು. ನಾನು ಡಾಕ್ಟರನಲ್ಲ. ಆದರೆ ಬೀಜದ ಶಾಸ್ತ್ರವನ್ನು ಅಷ್ಟಿಷ್ಟು ಓದಿದ್ದೇನೆ. ಅದರ ಮರ್ಮವು ನಮ್ಮ ಮನೆಯಲ್ಲಿಯೇ ನನಗೆ ತಿಳಿಯಿತು.

ನಮ್ಮ ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರು. ಹೊಲ ಒಡೆದುಹೋಗಬಾರದು, ಹುಡುಗಿ ಕಣ್ಣೆದುರಿಗಿರಬೇಕು ಎಂಬುದು ಹಿರಿಯರ ವಿಚಾರ. ಮೊದಲ ಬಸುರಿನಲ್ಲಿ ಸ್ಕ್ಯಾನ್ ಮಾಡಿಸಿದ್ದು ಏಳನೆಯ ತಿಂಗಳಲ್ಲಿ. ಕೂಸಿನ ಬೆನ್ನೆಲುಬು ಮುಚ್ಚಿಲ್ಲ, ತಲೆಯಲ್ಲಿ ನೀರು ತುಂಬಿದೆ ಎಂದು ವರದಿ ಬಂತು. ಕೂಸು ಹನ್ನೊಂದು ದಿನ ಬದುಕಿತು. ಆಯಿ, ಅಂದರೆ ಅಕ್ಕನ ಅತ್ತೆ, "ನಿನ್ನ ತವರಮನಿ ರಕ್ತಾನ ಸರಿ ಇಲ್ಲ" ಎಂದು ಅಕ್ಕನನ್ನೇ ಅಂದಳು. ಆ ತವರುಮನೆ ತನ್ನ ಸ್ವಂತ ಮಗಳ ಮನೆಯೆಂಬುದನ್ನು ದುಃಖದಲ್ಲಿ ಮರೆತಿದ್ದಳು, ಪಾಪ!

ಗೋವಿನಜೋಳದ ಒಂದೇ ತಳಿಯನ್ನು ನಾಲ್ಕೈದು ತಲೆಮಾರು ತನ್ನೊಳಗೇ ಕೂಡಿಸುತ್ತ ಹೋದರೆ ದಂಟು ಗಿಡ್ಡಾಗುತ್ತದೆ, ಅಡಗಿದ್ದ ದೋಷಗಳು ಹೊರಬೀಳುತ್ತವೆ. ಬೇರೆ ತಳಿಯೊಡನೆ ಕೂಡಿಸಿದರೆ ಬೆಳೆ ಮತ್ತೆ ಹುಲುಸಾಗುತ್ತದೆ. ಹೋರಿಯನ್ನು ಅದರ ಕರುಗಳ ಮೇಲೆ ಬಿಡಬಾರದೆಂಬುದು ನಿಮಗೆ ನಾನು ಹೇಳಬೇಕಾದ ಮಾತಲ್ಲ. ಮನುಷ್ಯರಲ್ಲಿಯೂ ಪ್ರತಿಯೊಬ್ಬನ ರಕ್ತದಲ್ಲಿ ಕೆಲವು ದೋಷಗಳು ಅಡಗಿರುತ್ತವೆ. ಗಂಡ ಹೆಂಡಿರು ಒಂದೇ ಬಳ್ಳಿಯವರಾದರೆ ಒಂದೇ ದೋಷ ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ಹಾಗಿದ್ದಾಗ ಪ್ರತಿ ಬಸುರಿನಲ್ಲಿಯೂ ಕೂಸಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಇದರಲ್ಲಿ ತಾಯಿಯ ಪಾಲೆಷ್ಟೋ ತಂದೆಯ ಪಾಲೂ ಅಷ್ಟೇ.

1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಕೂಸುಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಒಂದರ ತಂದೆತಾಯಿಗಳು ಒಳಸಂಬಂಧದವರೇ ಆಗಿದ್ದರು. ಅವರ ಮಕ್ಕಳೆಲ್ಲ ರೋಗಿಗಳೆಂದಲ್ಲ. ಹೊರಗಿನ ಸಂಬಂಧದಲ್ಲಿ ನೂರಕ್ಕೆ ಎರಡು ಮೂರು ಕೂಸುಗಳಿಗೆ ದೊಡ್ಡ ದೋಷವಿದ್ದರೆ, ಅತ್ತೆಯ ಇಲ್ಲವೆ ಮಾವನ ಮಕ್ಕಳನ್ನು ಮದುವೆಯಾದವರಲ್ಲಿ ಸುಮಾರು ಅದರ ಇಮ್ಮಡಿ. ಅಕ್ಕನ ಮಗಳನ್ನು ತಂದವರಲ್ಲಿ ಇನ್ನೂ ಹೆಚ್ಚು.

ಬೆನ್ನೆಲುಬಿನ ದೋಷಕ್ಕೆ ವಂಶವೊಂದೇ ಕಾರಣವಲ್ಲ, ಫೋಲಿಕ್ ಆಮ್ಲದ ಕೊರತೆಯೂ ಕೂಡಿಕೊಳ್ಳುತ್ತದೆ. ಗರ್ಭ ನಿಂತು ನಾಲ್ಕು ವಾರಗಳಲ್ಲಿ ಬೆನ್ನು ಮುಚ್ಚಿಕೊಳ್ಳಬೇಕು. ಆಗ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂಬುದೇ ಗೊತ್ತಿರುವುದಿಲ್ಲ. ಆದುದರಿಂದ ದಿನಕ್ಕೆ 400 ಮೈಕ್ರೋಗ್ರಾಂ ಗುಳಿಗೆಯನ್ನು ಬಸುರಾಗುವ ಮೊದಲೇ ಶುರು ಮಾಡಿ ಮೂರು ತಿಂಗಳು ತುಂಬುವವರೆಗೆ ನುಂಗಬೇಕು. ಅಕ್ಕನಂಥವರಿಗೆ ಡಾಕ್ಟರರು ಹೆಚ್ಚಿನ ಪ್ರಮಾಣ ಕೊಡುತ್ತಾರೆ.

ಎರಡನೆಯ ಸಲ ಹಾಗೆಯೇ ನಡೆದೆವು. 12ನೆಯ ವಾರದ ಸ್ಕ್ಯಾನ್ ಸರಿಯಿತ್ತು. 19ನೆಯ ವಾರದಲ್ಲಿ ತಲೆ, ಬೆನ್ನು, ಮೂತ್ರಪಿಂಡ ಎಲ್ಲ ನೆಟ್ಟಗಿದ್ದರೂ ಎದೆಯಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು. ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. "ತಮ್ಮಾ, ಇದನ್ನೂ ಕಳಕೊಳ್ಳೂದ ಐತೇನೋ" ಎಂದು ಆಯಿ ನನ್ನ ಕೈ ಹಿಡಿದು ಅತ್ತಳು. ಮರುದಿನ ಬೆಳಗಾವಿಗೆ ಹೋದೆವು. ಉಳಿದೆಲ್ಲ ಸರಿಯಿದ್ದು ಚುಕ್ಕೆಯೊಂದೇ ಇದ್ದರೆ ಬಹುತೇಕ ಅಂಜಬೇಕಾಗಿಲ್ಲ ಎಂದು ಡಾಕ್ಟರರು ಬಿಡಿಸಿ ಹೇಳಿದರು. ಆ ಕೂಸು ಈಗ ಅಂಗನವಾಡಿಗೆ ಹೋಗುತ್ತದೆ.

ಸ್ಕ್ಯಾನ್ ತೋರಿಸುವುದು ನೆರಳನ್ನು. ಅದು ಸಂಶಯ ಹುಟ್ಟಿಸಿದರೆ ರಕ್ತಪರೀಕ್ಷೆಯುಂಟು, 15 ವಾರಗಳ ಮೇಲೆ ಗರ್ಭದ ನೀರಿನ ಪರೀಕ್ಷೆಯುಂಟು. ಥಲಸ್ಸೇಮಿಯಾದಂಥ ರಕ್ತದ ರೋಗ ಇದೆಯೋ ಇಲ್ಲವೋ ಎಂಬುದನ್ನು ಸ್ಕ್ಯಾನ್ ನಿರ್ಣಯಿಸಲಾರದು. ಅದಕ್ಕೆ ಮೊದಲು ತಂದೆತಾಯಿಗಳ ರಕ್ತ ನೋಡಬೇಕು.

ಹೊತ್ತಿಗೆ ಸರಿಯಾಗಿ ಹೋಗುವುದು ಏಕೆ ಮುಖ್ಯ? 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದ ಮೇಲೆ ಕೂಸಿಗೆ ಭಾರಿ ದೋಷವಿದ್ದರೂ ವೈದ್ಯಕೀಯ ಮಂಡಳಿಯ ಒಪ್ಪಿಗೆಯಿಲ್ಲದೆ ಗರ್ಭ ತೆಗೆಸುವಂತಿಲ್ಲ. ಇಟ್ಟುಕೊಳ್ಳುವವರಿಗೂ, ಹೆರಿಗೆ ಎಲ್ಲಿ, ಶಸ್ತ್ರಕ್ರಿಯೆ ಎಲ್ಲಿ ಎಂದು ಗೊತ್ತು ಮಾಡಿಕೊಳ್ಳಲು ವೇಳೆ ಬೇಕು. ಇನ್ನು ಗಂಡೋ ಹೆಣ್ಣೋ ಎಂದು ಯಾರೂ ಕೇಳಬಾರದು. 1994ರ ಕಾಯದೆಯಂತೆ ಹೇಳುವವನಿಗೂ ಶಿಕ್ಷೆ, ಕೇಳುವವನಿಗೂ ಶಿಕ್ಷೆ.

ಪ್ರತಿ ತಿಂಗಳು 9ನೆಯ ತಾರೀಖಿಗೆ ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ಹಣ ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಿ, ತಾಯಿ ಕಾರ್ಡು ತೆಗೆದುಕೊಂಡು ಹೋಗಿರಿ. ಒಳಸಂಬಂಧದ ಮದುವೆಯಾಗಿದ್ದರೆ ಮುಚ್ಚಿಡದೆ ಡಾಕ್ಟರರಿಗೆ ಹೇಳಿರಿ. ಗಂಡನೂ ಜೊತೆಗೆ ಹೋಗತಕ್ಕದ್ದು. ಪರೀಕ್ಷೆಗೆ ಅವನ ರಕ್ತವೂ ಬೇಕಾಗಬಹುದು.