ಬಿಸಿಲಿನ ಬಾಕಿಯನ್ನು ತೆರುವವರು ಯಾರು?

(ಹಿರಿಯೂರಿನಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಹವಾಮಾನ ಬದಲಾವಣೆಯ ಮಾತೆತ್ತಿದರೆ ನಮ್ಮ ಸಭೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಅದಕ್ಕೆ ನಾವೇಕೆ ಕೈಯಿಂದ ದುಡ್ಡು ಹಾಕಬೇಕು?" ಈ ಪ್ರಶ್ನೆಯನ್ನು ಸ್ವಾರ್ಥವೆಂದು ತಳ್ಳಿಹಾಕುವವರ ಗುಂಪಿಗೆ ನಾವು ಸೇರಿದವರಲ್ಲ. ದಿನಗೂಲಿಯವನಿಗೆ ಹತ್ತು ರೂಪಾಯಿ ಎಂದರೆ ಹತ್ತು ರೂಪಾಯಿಯೇ. ಕಾರಿನಲ್ಲಿ ಬಂದು, ಸೈಕಲ್ ತುಳಿಯಿರೆಂದು ಉಪದೇಶಿಸಿ, ಕಾರಿನಲ್ಲೇ ಹಿಂದಿರುಗುವ ಮಹನೀಯರ ಮಾತಿಗೆ ತಲೆದೂಗಬೇಕಾದ ಹಂಗು ನಮಗಿಲ್ಲ.

ಮೊದಲು ಲೆಕ್ಕ ನೋಡೋಣ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಡುವುದರಿಂದ ಭಾರತದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್ನು. ಅಮೆರಿಕದಲ್ಲಿ ಸುಮಾರು 14 ಟನ್ನು. ಆ 2 ಟನ್ನು ಕೂಡ ಸರಾಸರಿ ಮಾತ್ರ. ಹೊಳಲ್ಕೆರೆಯಲ್ಲಿ ಅಡಿಕೆ ಸುಲಿಯುವ ಹೆಣ್ಣುಮಗಳನ್ನೂ ಮುಂಬಯಿಯ ಬಂಗಲೆಯ ಸಾಹುಕಾರನನ್ನೂ ಒಟ್ಟಿಗೆ ಕೂಡಿಸಿ ಭಾಗಿಸಿದ ಲೆಕ್ಕ ಅದು. ಈ ಬಿಸಿಯನ್ನು ಹಚ್ಚಿದವರಲ್ಲಿ ನಾವು ಕಡೆಯ ಸಾಲಿನವರು.

ಹಾಗೆಂದು ಕೈಕಟ್ಟಿ ಕುಳಿತರೆ ನಷ್ಟ ಯಾರಿಗೆ? ನಮ್ಮ ಮಾರಿಕಣಿವೆಯನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 2017ರ ಹೊತ್ತಿಗೆ ಹೆಚ್ಚುಕಡಿಮೆ ತಳ ಕಂಡಿತ್ತು. ಹಿರಿಯೂರು, ಹೊಸದುರ್ಗದ ಕಡೆ ತೆಂಗಿನ ಮರಗಳು ನಿಂತಲ್ಲೇ ಒಣಗಿದವು. ಅದೇ ಕಟ್ಟೆ 2022ರಲ್ಲಿ, 89 ವರ್ಷಗಳ ಮೇಲೆ, ಕೋಡಿ ಬಿತ್ತು. ಭದ್ರೆಯಿಂದ ಎತ್ತಿ ತಂದ ನೀರೂ ಅದರಲ್ಲಿ ಸೇರಿತ್ತೆನ್ನಿ. ಒಂದು ಬರವನ್ನಾಗಲಿ ಒಂದು ಕೋಡಿಯನ್ನಾಗಲಿ ತೋರಿಸಿ ಇದೇ ಹವಾಮಾನ ಬದಲಾವಣೆ ಎಂದು ನಾವು ಡಂಗುರ ಹೊಡೆಯುವುದಿಲ್ಲ. ನಮ್ಮದು ಮೊದಲಿನಿಂದಲೂ ಬರದ ಸೀಮೆಯೇ. ಆದರೆ ಭೂಮಿ ಕಾದಷ್ಟೂ ಇಂಥ ಬರ ಬಿಗಿಯಾಗುತ್ತದೆ, ಮಳೆ ಸುರಿದಾಗ ಒಮ್ಮೆಲೇ ಸುರಿಯುತ್ತದೆ ಎಂಬುದು ವಿಜ್ಞಾನಿಗಳ ತೀರ್ಮಾನ. ತೆಂಗು ಒಣಗಿದರೆ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಈರುಳ್ಳಿ ಹೊಲದಲ್ಲೇ ಕೊಳೆತರೆ ಹಮಾಲನಿಗೆ ಹೊರಲು ಮೂಟೆಯಿಲ್ಲ. ತಗಡಿನ ಸೂರಿನ ಕೆಳಗೆ, ಏಪ್ರಿಲ್ ತಿಂಗಳ ಮಧ್ಯಾಹ್ನ, ಯಂತ್ರದ ಮುಂದೆ ನಿಲ್ಲುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮ್ಮನಿರುವುದಕ್ಕೂ ಒಂದು ಬೆಲೆಯುಂಟು. ಅದರ ಬಿಲ್ಲು ನಮ್ಮ ಹೆಸರಿಗೇ ಬರುತ್ತದೆ.

ಆದ್ದರಿಂದ ಖರ್ಚು ಬೇಕೋ ಬೇಡವೋ ಎಂಬ ಚರ್ಚೆಯನ್ನು ಬಿಟ್ಟು, ಯಾರ ಹೆಗಲ ಮೇಲೆ ಎಷ್ಟು ಎಂದು ಕೇಳೋಣ.

ಎಲ್‌ಇಡಿ ಬಲ್ಬಿನ ಕಥೆಯನ್ನು ನೆನಪಿಸಿಕೊಳ್ಳಿ. 2014ರಲ್ಲಿ ಸರ್ಕಾರಿ ಸಂಸ್ಥೆಯೊಂದು ಒಂದು ಬಲ್ಬಿಗೆ 310 ರೂಪಾಯಿ ಕೊಟ್ಟು ಕೊಂಡಿತು. ಇಡೀ ದೇಶದ ಪರವಾಗಿ ಕೋಟಿಗಟ್ಟಲೆ ಒಟ್ಟಿಗೆ ಕೊಳ್ಳುತ್ತಾ ಹೋದಂತೆ 2016ರ ವೇಳೆಗೆ ಅದು 38 ರೂಪಾಯಿಗೆ ಇಳಿಯಿತು. 60 ವ್ಯಾಟಿನ ಹಳೆಯ ಬಲ್ಬು ಇದ್ದಲ್ಲಿ 9 ವ್ಯಾಟಿನದು ಬಂತು. ಬೆಳಕು ಕಡಿಮೆಯಾಗಲಿಲ್ಲ, ಬಿಲ್ಲು ಕಡಿಮೆಯಾಯಿತು. ಯಾರೂ ತ್ಯಾಗದ ಭಾಷಣ ಮಾಡಲಿಲ್ಲ. ತಂತ್ರಜ್ಞಾನ ಸುಧಾರಿಸಿದ್ದೂ ಒಂದು ಕಾರಣವೇ. ಆದರೆ ಒಬ್ಬೊಬ್ಬನೇ ಅಂಗಡಿಯಲ್ಲಿ ಚೌಕಾಸಿ ಮಾಡಿದ್ದರೆ ಈ ಬೆಲೆ ಬರುತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಪ್ಲಾಸ್ಟಿಕ್ ಚೀಲದ ಕಥೆ. ರಾಜ್ಯದಲ್ಲಿ 2016ರಲ್ಲಿ ನಿಷೇಧವಾಯಿತು, 2022ರ ಜುಲೈ 1ರಿಂದ ದೇಶದಲ್ಲೆಲ್ಲಾ ಒಂದೇ ಸಾರಿ ಬಳಸಿ ಬಿಸಾಡುವ ಹಲವು ಸಾಮಾನುಗಳಿಗೆ ನಿಷೇಧ ಬಂತು. ಒಳ್ಳೆಯದೇ. ವರ್ತಕ ಮಿತ್ರರು ಗಿರಾಕಿ ಮುನಿಸಿಕೊಂಡಾನೆಂಬ ಭಯ ಬಿಟ್ಟು ಬಟ್ಟೆ ಚೀಲ ತರುವಂತೆ ಹೇಳಬೇಕೆಂದು ನಾವು ಖಂಡಿತವಾಗಿ ಕೇಳುತ್ತೇವೆ. ಅಷ್ಟು ತೊಂದರೆಯನ್ನು ನಾವು ಸಹಿಸಬಹುದು. ಆದರೆ ದಂಡದ ರಸೀತಿ ಕಿರಾಣಿ ಅಂಗಡಿಗೆ ಬರುವಷ್ಟು ಬೇಗ ಚೀಲ ತಯಾರಿಸುವ ಕಾರ್ಖಾನೆಗೆ ಹೋಗಬೇಡವೇ? ಭೂಮಿಯ ಬಿಸಿಯಲ್ಲಿ ಈ ಚೀಲದ ಪಾಲು ಕಲ್ಲಿದ್ದಲಿನ ಮುಂದೆ ಬಲು ಚಿಕ್ಕದೆಂಬುದೂ ತಿಳಿದಿರಲಿ. ಅಧಿಕಾರಿಗಳಿಗೆ ಚಿಕ್ಕದೇ ಪ್ರಿಯ. ಅದು ಕೈಗೆ ಸಿಗುತ್ತದೆ.

ಚಿತ್ರದುರ್ಗದ ಜೋಗಿಮಟ್ಟಿಯ ಸಾಲಿನಲ್ಲಿ, ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ನಾವು ಅವುಗಳ ವಿರೋಧಿಗಳಲ್ಲ. ಗಾಳಿಗೆ ಹೊಗೆಯಿಲ್ಲ. ಆದರೆ ಗುಡ್ಡ ನಮ್ಮದು, ಗಾಳಿ ನಮ್ಮದು, ಲಾಭ ಮಾತ್ರ ಬೇರೆಯವರದೆಂದರೆ ಹೇಗೆ? ನೆರೆಯ ಜಿಲ್ಲೆಯ ಪಾವಗಡದ 2,050 ಮೆಗಾವ್ಯಾಟಿನ ಸೌರ ಪಾರ್ಕಿನಲ್ಲಿ ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಹಿಡಿದರು. ಹೊಲ ಇದ್ದವರಿಗೆ ಅದರಿಂದ ಬಾಡಿಗೆ ಬಂತು. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವನಿಗೆ ಬಾಡಿಗೆಯೂ ಇಲ್ಲ, ಕಳೆಯೂ ಇಲ್ಲ. ಹೊಸ ವಿದ್ಯುತ್ತು ಬರಲಿ. ಅದರ ಆದಾಯದಲ್ಲಿ ಪಂಚಾಯಿತಿಗೂ ಭೂಹೀನನಿಗೂ ಪಾಲು ಬರೆದುಕೊಂಡೇ ಬರಲಿ.

ಇನ್ನು ಮೋಟಾರ್ ಸೈಕಲ್ಲಿನ ಮಾತು. ರಾತ್ರಿ ಪಾಳಿ ಬಿಡುವ ಹೊತ್ತಿಗೆ ಬಸ್ಸಿಲ್ಲದ ಊರಿನವನಿಗೆ ಗಾಡಿ ಬಿಡೆಂದು ಹೇಳುವ ಬಾಯಿ ನಮಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಸರ್ಕಾರಿ ಬಸ್ಸುಗಳನ್ನು ಎಷ್ಟು ತುಂಬಿದರೆಂಬುದನ್ನು ಎಲ್ಲರೂ ಕಂಡಿದ್ದೇವೆ. ಅನುಕೂಲವಾದ ಬಸ್ಸು ಇದ್ದರೆ ಜನ ತಾವಾಗಿಯೇ ಹತ್ತುತ್ತಾರೆ. ಆದರೆ ಖಾಸಗಿ ಬಸ್ಸೇ ಗತಿಯಾದ ಹಾದಿಗಳಲ್ಲಿ ಆ ಸೌಲಭ್ಯವಿಲ್ಲ. ಯಾವ ಹಳ್ಳಿಗೆ ಯಾವ ಪಾಳಿಗೆ ಬಸ್ಸು ಬೇಕೆಂಬ ಪಟ್ಟಿಯನ್ನು ಇವತ್ತೇ ಇಲ್ಲಿ ಬರೆಯೋಣ. ಬಾಗಿಲ ಬಳಿ ಮೇಜಿನ ಮೇಲೆ ಪುಸ್ತಕ ಇಟ್ಟಿದೆ, ಹೋಗುವಾಗ ನಿಮ್ಮ ಊರು, ಪಾಳಿಯ ಹೊತ್ತು ಬರೆದು ಸಹಿ ಮಾಡಿ. ವರ್ತಕರೂ ಬರೆಯಿರಿ, ಸಂತೆಯ ದಿನದ ಬಸ್ಸೂ ಅದರಲ್ಲಿ ಸೇರಲಿ. ಅದನ್ನು ಹಿಡಿದು ಡಿಪೋಗೆ ಎಲ್ಲರೂ ಕೂಡಿಯೇ ಹೋಗೋಣ.