ಅಮ್ಮನ ಜೊತೆ ಕಾಲಾ ಘೋಡಾ

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮುಂಬಯಿಯಲ್ಲಿ ರಜಾದಿನ ಎಲ್ಲಿಗೆ ಹೋಗಬಹುದು, ಹೇಳಿ ಎಂದಿದ್ದೀರಿ. ಎಂ.ಟೆಕ್. ಓದಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು ನಾನು. ತಿರುಗಾಡಿದ್ದು ಕಡಿಮೆ. ಹಾಗಾಗಿ ಒಂದೇ ಜಾಗದ ಬಗ್ಗೆ ಮಾತಾಡುತ್ತೇನೆ: ಫೋರ್ಟಿನ ಕಾಲಾ ಘೋಡಾ. ಈಗಿನ ಹುಡುಗ-ಹುಡುಗಿಯರು ಫೋಟೋ ತೆಗೆಸಿಕೊಳ್ಳಲು ಓಡುವ ಜಾಗ ಅದು.

ಕಾಲಾ ಘೋಡಾ ಅಂದರೆ ಕಪ್ಪು ಕುದುರೆ. ಬ್ರಿಟಿಷ್ ರಾಜಕುಮಾರ, ಮುಂದೆ ಏಳನೇ ಎಡ್ವರ್ಡ್ ಆದವನು, ಕುದುರೆ ಏರಿ ಕೂತ ಪ್ರತಿಮೆ ಅಲ್ಲಿತ್ತು. 1965ರಲ್ಲಿ ಅದನ್ನು ಭಾಯಖಳಾಕ್ಕೆ ಸಾಗಿಸಿದರು. ಕುದುರೆ ಹೋದರೂ ಹೆಸರು ಹೋಗಲಿಲ್ಲ. 2017ರಲ್ಲಿ ಹೊಸ ಕುದುರೆ ಬಂತು. ಅದರ ಬೆನ್ನ ಮೇಲೆ ಸವಾರನಿಲ್ಲ.

ಆ ರಸ್ತೆಯ ಹೆಸರು ನಾನು ಮೊದಲು ಕೇಳಿದ್ದು ಅಪ್ಪಯ್ಯನ ಬಾಯಲ್ಲಿ. ಕುಂದಾಪುರದ ಹತ್ತಿರದ ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದವರು ಅವರು. ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು. ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದೇ ಅಲ್ಲವೇ? ಜಹಾಂಗೀರ್ ಆರ್ಟ್ ಗ್ಯಾಲರಿಯ ಹೊರಗೆ ಫುಟ್‌ಪಾತಿನಲ್ಲಿ ಚಿತ್ರ ಬಿಡಿಸುವವರಿಗೆ ಚಹಾ ಕೊಟ್ಟು ಬರುತ್ತಿದ್ದರಂತೆ. "ಒಳಗೆ ಏನಿದೆ ಅಪ್ಪಯ್ಯ?" ಎಂದು ಕೇಳಿದರೆ "ಅದು ದೊಡ್ಡವರಿಗೆ" ಅನ್ನುತ್ತಿದ್ದರು.

ನಾನು ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಕಾಲಾ ಘೋಡಾ ಉತ್ಸವಕ್ಕೆ ಹೋದೆ. 1999ರಲ್ಲಿ ಶುರುವಾದ ಉತ್ಸವ ಅದು. ಫೆಬ್ರವರಿಯ ಹೊತ್ತಿಗೆ ನಡೆಯುತ್ತದೆ. ಗ್ಯಾಲರಿಯ ಒಳಗೂ ಹೋಗಿ ಬಂದೆ. ಪ್ರವೇಶ ಉಚಿತ. ಆದರೆ ಅಪ್ಪಯ್ಯನನ್ನು ಕರೆದುಕೊಂಡು ಹೋಗಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಆಮೇಲೆ ಓದು, ನೌಕರಿ, ಮದುವೆ, ಮಗು. ನಾಲ್ಕು ವರ್ಷದ ಹಿಂದೆ ಅಪ್ಪಯ್ಯ ತೀರಿಕೊಂಡರು.

ಕಳೆದ ಚಳಿಗಾಲದಲ್ಲಿ ಒಂದು ಶನಿವಾರ ಅಮ್ಮನನ್ನು ಹೊರಡಿಸಿದೆ. ಡೊಂಬಿವಲಿಯಲ್ಲಿ ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು, ಸುಮ್ಮನೆ ನೋಡಲಿಕ್ಕೆಂದು ಫೋರ್ಟಿಗೆ ಹೋದವಳಲ್ಲ. ಮದುವೆಗೆ ಹೊರಟ ಹಾಗೆ ರೇಷ್ಮೆ ಸೀರೆ ಉಟ್ಟಿದ್ದಳು.

ನೀವೂ ಹೋಗುವುದಾದರೆ ಇದೇ ದಾರಿ ಹಿಡಿಯಿರಿ. ಸಿಎಸ್‌ಎಂಟಿಯಲ್ಲಿ ಇಳಿದು ಹುತಾತ್ಮಾ ಚೌಕದವರೆಗೆ ನಡೆದು, ಅಲ್ಲಿಂದ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಮುಂದೆ ಹೋಗಿ. ಮಂಡಿನೋವಿದ್ದವರು ಟ್ಯಾಕ್ಸಿ ಹಿಡಿಯಿರಿ. ಮೊದಲು ಸಿಗುವುದು ಹಳೆಯ ವಾಟ್ಸನ್ ಹೋಟೆಲಿನ ಕಟ್ಟಡ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ನಮ್ಮ ದೇಶದಲ್ಲಿ ಮೊದಲು ತೋರಿಸಿದ್ದು ಅಲ್ಲೇ. ಸ್ವಲ್ಪ ಮುಂದೆ, 1870ರ ಡೇವಿಡ್ ಸಸೂನ್ ಗ್ರಂಥಾಲಯ. ಎದುರು ಬದಿಯ ಹಿಂದಿನ ಬೀದಿಯಲ್ಲಿ 1884ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾ ಮಂದಿರ, ನೀಲಿ ಬಣ್ಣದ್ದು. ಗುರುತಿನ ಚೀಟಿ ಜೊತೆಗಿರಲಿ.

ಜಹಾಂಗೀರ್ ಗ್ಯಾಲರಿಯ ಬಾಗಿಲಲ್ಲಿ ಅಮ್ಮ ನಿಂತುಬಿಟ್ಟಳು. ಮೆಲ್ಲಗೆ ಕೇಳಿದಳು, "ಒಳ್ಗ್ ಹೋಪುಕೆ ದುಡ್ಡ್ ಕೊಡ್ಕಾ ಮಗಾ?"

"ಬೇಡಮ್ಮಾ. 1952ರಲ್ಲಿ ಕಟ್ಟಿದ್ದು. ಯಾರು ಬೇಕಾದರೂ ಹೋಗಬಹುದು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಪ್ಪಯ್ಯ ಒಂದ್ ದಿನವೂ ಒಳ್ಗ್ ಹೋಯ್ಲ" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಒಳಗೆ ಒಂದು ಚಿತ್ರದಲ್ಲಿ ಗದ್ದೆಯ ನಾಟಿ ಇತ್ತು. "ಇವ್ರ್ ನೇಜಿ ಹಿಡ್ದದ್ದ್ ಸರಿ ಇಲ್ಲ" ಎಂದು ಅಮ್ಮ ತೀರ್ಪು ಕೊಟ್ಟಳು. ಪಕ್ಕದಲ್ಲಿದ್ದ ಕಲಾವಿದೆಗೆ ಕನ್ನಡ ಬಾರದು. ನಾನು ಹಿಂದಿಯಲ್ಲಿ ಹೇಳಿದೆ. ಆಕೆ ಕುರ್ಚಿ ತಂದು ಅಮ್ಮನನ್ನು ಕೂರಿಸಿ, ನೇಜಿ ಹೇಗೆ ಹಿಡಿಯಬೇಕೆಂದು ಕೇಳಿ ತಿಳಿದುಕೊಂಡಳು. ನಾನು ದುಭಾಷಿಯಾಗಿ ಅರ್ಧ ಗಂಟೆ ನಿಂತೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಇದೇ ಮುಂಬಯಿಯಲ್ಲಿದ್ದು ದೇಶವೇ ಮೆಚ್ಚುವ ಚಿತ್ರಕಾರರಾದರು ಎಂದು ಹೊರಗೆ ಬಂದ ಮೇಲೆ ಹೇಳಿದೆ. "ನಮ್ ಬದಿಯವ್ರಾ?" ಎಂದು ಅಮ್ಮ ಎರಡು ಸಲ ಕೇಳಿದಳು.

ಫುಟ್‌ಪಾತಿನಲ್ಲಿ ಕಲಾವಿದರು ಈಗಲೂ ಕೂರುತ್ತಾರೆ. ಅಮ್ಮ ಪ್ರತಿಯೊಬ್ಬರ ಮುಂದೆಯೂ ನಿಂತು ನೋಡಿದಳು. ಯಾರನ್ನು ನೆನೆಯುತ್ತಿದ್ದಾಳೆಂದು ನಾನು ಕೇಳಲಿಲ್ಲ.

ಪಕ್ಕದಲ್ಲೇ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವಿದೆ. ಅದಕ್ಕೆ ಟಿಕೆಟ್ ಇದೆ, ಅರ್ಧ ದಿನವೂ ಬೇಕು. ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಅಲ್ಲಿಯ ಕೆಫೆಗಳಲ್ಲಿ ಕಾಫಿ ದುಬಾರಿ. ನಾವು ಫೋರ್ಟಿನ ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಲೋಕಲ್ ಹಿಡಿದೆವು. ಉತ್ಸವದ ದಿನಗಳಲ್ಲಿ ವಿಪರೀತ ಜನ, ವಯಸ್ಸಾದವರನ್ನು ಆಗ ಕರೆದೊಯ್ಯಬೇಡಿ.

ನನ್ನದೊಂದು ಸಲಹೆ. ಮುಂದಿನ ತಿಂಗಳು ಒಂದು ಶನಿವಾರ ಮಹಿಳಾ ವಿಭಾಗದಿಂದ ಎಲ್ಲರೂ ಹೋಗೋಣ. ಮನೆಯಲ್ಲಿ ಅಮ್ಮ, ಅತ್ತೆ ಇದ್ದರೆ "ಅವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ" ಎಂದುಕೊಳ್ಳದೆ ಕರೆತನ್ನಿ. ಅಪ್ಪಂದಿರು, ಮಾವಂದಿರು ಬಂದರೂ ಬೇಡವೆನ್ನುವುದಿಲ್ಲ. ಖರ್ಚು ರೈಲಿನ ಟಿಕೆಟು, ಇಡ್ಲಿ ಮಾತ್ರ. ದಾರಿ ತೋರಿಸಲು ನಾನಿದ್ದೇನೆ. ಅಮ್ಮ ಆಗಲೇ ತನ್ನ ಹೆಸರು ಬರೆಸಿದ್ದಾಳೆ.